ಪಕ್ಕದ ರೂಮಿನ ಮೌಸ್

ಕಂಪ್ಯೂಟರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ಅಕ್ಕ ಮನೆಯಲ್ಲೇ ಕೂತು ಮದುವೆ ಕಾರ್ಡ್ ಡಿಸೈನ್ ಮಾಡುವವಳು ಅಂತ ಮಾತಿನಲ್ಲೇ ಗೊತ್ತಾಯಿತು.

“ಮತ್ತೆ ಮೌಸ್ ಯಾಕಕ್ಕ? ಹೋದ ತಿಂಗಳು ತಾನೇ ಹೊಸದು ತಗೊಂಡೆ.”

“ಹಳೇದು ಆಗಾಗ ಕೈಕೊಡ್ತಿತ್ತು. ಇದಕ್ಕೆ ಹುಚ್ಚೇ ಹಿಡಿದಿದೆ ಕಣೋ. ನಾನು ಕೈ ಇಟ್ಟಿರಲ್ಲ, ಬಾಣದ ಗುರುತು ತನ್ನಷ್ಟಕ್ಕೆ ಓಡುತ್ತೆ. ಮೊನ್ನೆ ಮದುಮಗನ ಫೋಟೋನೇ ಎಳ್ಕೊಂಡು ಹೋಗಿ ಮೂಲೆಗೆ ಹಾಕ್ತು.”

“ಸೆಲ್ ಬದಲಾಯಿಸಿದ್ಯಾ?”

“ಎರಡು ಸಲ. ನಿಮ್ಮ ಭಾವ ವೈರಸ್ ಅಂದ್ರು. ಅವರಿಗೆ ಮಿಕ್ಸಿ ಕೆಟ್ಟರೂ ವೈರಸ್ಸೇ.”

“ದಿನವಿಡೀ ಹೀಗೇನಾ?”

“ಇಲ್ಲ. ಪುಟ್ಟಿ ಮಲಗಿದಾಗ ಅದೂ ತೆಪ್ಪಗಿರುತ್ತೆ.”

ತಮ್ಮ ತಟ್ಟನೆ ಅವಳತ್ತ ತಿರುಗಿದ.

“ಹಳೇ ಮೌಸ್ ಎಲ್ಲಿದೆ?”

“ಪುಟ್ಟಿಗೆ ಆಡೋಕೆ ಕೊಟ್ಟೆ. ಪಕ್ಕದ ರೂಮಲ್ಲಿ ಕಾರು ಅಂತ ನೆಲದ ಮೇಲೆ ಓಡಿಸ್ತಾಳೆ.”

“ಅದೂ ವೈರ್ ಇಲ್ಲದ್ದೇ ಅಲ್ವಾ, ಅದರ ರಿಸೀವರ್?”

“ಸಿಪಿಯು ಹಿಂದೆ ಚುಚ್ಚಿದ್ದು ಅಲ್ಲೇ ಇದೆ. ಟೇಬಲ್ ಕೆಳಗೆ ಯಾರು ಬಗ್ತಾರೆ?”

“ಅದನ್ನ ಕೀಳೋವರೆಗೂ ಹಳೇ ಮೌಸೂ ಕೆಲಸ ಮಾಡುತ್ತಕ್ಕ. ಮದುಮಗನ್ನ ಎಳ್ಕೊಂಡು ಹೋದವಳು ನಿನ್ನ ಮಗಳು.”

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅವಸರದಲ್ಲಿ ಆ ಕಾರ್ಡನ್ನೇ ಹಾಗೇ ಕಳಿಸ್ಬಿಟ್ಟಿದ್ದೆ ಕಣೋ. ಫೋಟೋ ಮೂಲೆಯಲ್ಲಿರೋದು ಹೊಸ ಥರ ಇದೆ ಅಂತ ಮದುವೆ ಮನೆಯವರು ಒಪ್ಕೊಂಡೂ ಆಯ್ತು.”

“ಸರಿ, ನಡಿ. ಈಗಲೇ ಬಂದು ರಿಸೀವರ್ ಕಿತ್ತುಕೊಡ್ತೀನಿ.”

“ತಾಳೋ,” ಅಂದಳು ಅಕ್ಕ, ಸಾಲು ಬಿಟ್ಟು ಬಾಗಿಲಿನತ್ತ ಹೋಗುತ್ತಾ. “ಇನ್ನೊಂದು ಕಾರ್ಡ್ ಬಾಕಿ ಇದೆ. ಅದನ್ನೂ ಪುಟ್ಟಿ ಒಂದು ಕೈ ನೋಡ್ಲಿ, ಆಮೇಲೆ ಕೀಳು.”