ಎಡಸೊಂಟ

...ಹಾಗಂತ ಡಾಕ್ಟ್ರೇ ಹೇಳಿದ್ದು ಕಣೇ, ನಾನಲ್ಲ. ಹುಳುಕಡ್ಡಿ ಅಂತ ಹೆಸರು ಅಷ್ಟೇ, ಅದರಲ್ಲಿ ಹುಳವೂ ಇಲ್ಲ, ಕಡ್ಡಿಯೂ ಇಲ್ಲ! ಬೂಷ್ಟಂತೆ. ಹಳೇ ಬ್ರೆಡ್ಡಿನ ಮೇಲೆ ಕಟ್ಟುತ್ತಲ್ಲ, ಅದರ ನೆಂಟ. ಯಾಕೆ ನಗ್ತೀಯ? ...ನಗು, ನಗು. ಮೇಡಂ ನಿನ್ನ ಶಿಶುವಿಹಾರದ ಕೆಲಸದಿಂದ ತೆಗೆದು ಹನ್ನೊಂದು ದಿನ ಆಯ್ತು. ಇಬ್ಬರು ಆಯಾಗಳ ಕೆಲಸ ನಾನೊಬ್ಬಳೇ ಮಾಡ್ತಿದ್ದೀನಿ. ನಿನ್ನ ಹಲ್ಲು ಕಂಡಿದ್ದು ಇವತ್ತೇ.

ಕೈ ಕೊಡು ಇಲ್ಲಿ. ಕೊಡೇ! ಹೂಂ... ಬಳೆಯಷ್ಟು ದುಂಡಗಿದೆ. ನಡುವೆ ವಾಸಿಯಾದ ಹಾಗೆ, ಅಂಚೆಲ್ಲ ಕೆಂಪು. ನೋಡು, ಈ ಮುಲಾಮು ಅಂಚು ದಾಟಿ ಎರಡು ಬೆರಳು ಆಚೆಗೂ ಹಚ್ಬೇಕು. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಒರೆಸಿ, ಒಣಗಿದ ಮೇಲೆ. ಕಲೆ ಹೋಯ್ತು ಅಂತ ಬಿಟ್ಟುಬಿಟ್ಟೀಯ, ಜೋಕೆ! ಹೋದ ಮೇಲೂ ಡಾಕ್ಟ್ರು ಸಾಕು ಅನ್ನೋವರೆಗೆ ಹಚ್ತಾನೇ ಇರ್ಬೇಕು. ನಿನ್ನ ಟವೆಲ್ಲು ಬೇರೆ ಇಡು, ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕು.

ಮತ್ತೆ... ಮೆಡಿಕಲ್ ಶಾಪಿನವನು ಸುಮ್ನೆ ಎತ್ತಿ ಕೊಡ್ತಾನಲ್ಲ, ಆ ಕ್ರೀಮು ಮಾತ್ರ ಮುಟ್ಬೇಡ. ಮೂರೇ ದಿನಕ್ಕೆ ನವೆ ನಿಲ್ಲುತ್ತೆ. ವಾಸಿ ಆಯ್ತು ಅನ್ಸುತ್ತೆ. ಒಳಗೊಳಗೇ ಹರಡ್ತಿರುತ್ತೆ ಕಣೇ! ಅದರಲ್ಲಿ ಸ್ಟಿರಾಯ್ಡ್ ಇರುತ್ತಂತೆ. ಬಿಟ್ಟ ಕೂಡ್ಲೇ ಮತ್ತೆ ಬರುತ್ತೆ, ಮೊದಲಿಗಿಂತ ಅಗಲ. ಮತ್ತೆ ಹಚ್ತೀವಿ, ಮತ್ತೆ ನಿಲ್ಲುತ್ತೆ... ಚರ್ಮ ಕಾಗದದ ಹಾಗೆ ತೆಳ್ಳಗಾಗಿ ಗೆರೆ ಬೀಳುತ್ತೆ.

ನನಗೆ ಹೇಗೆ ಗೊತ್ತು ಅಂದ್ರೆ? ...ನೀನು ಏನೂ ಕೇಳಲಿಲ್ವಾ? ಕೇಳಿದ ಹಾಗಾಯ್ತು.

ಮಕ್ಕಳಾ? ವಾಸಿ ಆಗ್ತಿದ್ದಾವೆ. ಬೆಣ್ಣೆಗುಂಡ ನಿನ್ನೇ ಹುಡುಕ್ತಾನೆ. ನೀನು ಅವನ್ನ ಮಲಗಿಸ್ತಿದ್ದ ಮೂಲೆಗೆ ಅಂಬೆಗಾಲಿಟ್ಟು ಹೋಗಿ ಸುಮ್ನೆ ಕೂತುಬಿಡ್ತಾನೆ... ಅಯ್ಯೋ, ಅಳ್ಬೇಡ ಕಣೇ. ಹೇಳಬಾರದಿತ್ತು ನಾನು.

ಅವನದೂ ಇನ್ನೇನು ಮಾಯ್ತು. ನಾಲ್ಕು ಮಕ್ಕಳಿಗೂ ಎಡತೊಡೆ ಮೇಲೇ ಎದ್ದಿತ್ತಲ್ಲ... ಮೇಡಂ ಅದನ್ನೆಲ್ಲ ಎಲ್ಲಿ ನೋಡಿದ್ರು? ನಿನ್ನ ಕೈ ಕಣ್ಣಿಗೆ ಬಿತ್ತು, ಇವಳೇ ಹತ್ತಿಸಿದ್ದು ಅಂದ್ಬಿಟ್ರು. ಪಾಪ, ಮಕ್ಕಳಿಂದ ನಿನಗೆ ಹತ್ತಿದ್ದು. ಹೇಳೋಣ ಅಂತಲೇ ಇದ್ದೆ ನಾನು. ಬಾಯಿ ತುದಿಗೆ ಬಂದಿತ್ತು...

ಯಾಕೆ ಹಾಗೆ ನೋಡ್ತೀಯ? ಎಡತೊಡೆ ಅಂದೆ. ಅದಕ್ಕೇನೀಗ? ಮಗೂನ ಎಡಸೊಂಟಕ್ಕೆ ಎತ್ಕೊಂಡ್ರೆ ಎಡಗಾಲು ತಾನೇ ಮುಂದೆ ಬಂದು ನಮ್ಮ ಹೊಟ್ಟೆಗೆ ಒತ್ತೋದು! ನೀನು ಎಡಚಿ, ತುತ್ತಿಡೋಕೆ ಎಡಗೈ ಬೇಕು ಅಂತ ಬಲಸೊಂಟಕ್ಕೇ ಎತ್ಕೋತೀಯ. ಎಡಸೊಂಟಕ್ಕೆ ಎತ್ಕೊಳ್ಳೋದು...

ಎಡಸೊಂಟಕ್ಕೆ...

ಕೆರ್ಕೊಂಡೆನಾ? ಈಗಲಾ? ಬೆವರು ಕಣೇ. ಸೆಕೆ ನೋಡು ಎಷ್ಟಿದೆ.

ಏ, ಮುಲಾಮು ಯಾಕೆ ವಾಪಸ್ ನನ್ನ ಕೈಗಿಡ್ತೀಯ? ನಿನಗೆ ಅಂತ ತಂದಿದ್ದು! ನನ್ನ ಬೆರಳು ಮಡಚ್ಬೇಡ... ಬಿಡೇ... ತಗೋ...

...ಯಾವತ್ತಿಂದ ಗೊತ್ತು ನಿನಗೆ?

ಆವತ್ತೂ ಗೊತ್ತಿತ್ತಾ? ಮೇಡಂ ಕೂಗಾಡುವಾಗ ಒಂದೇ ಒಂದ್ಸಲ ನನ್ನ ಕಡೆ ತಿರುಗಿದೆಯಲ್ಲ, ಆಗಲೂ? ನಾಚಿಕೆ ಕಣೇ... ಲಾಡಿ ಕಟ್ಟೋ ಜಾಗ, ಯಾರಿಗೆ ಬಿಚ್ಚಿ ತೋರಿಸಲಿ ಅಂತ ನಾಲ್ಕು ತಿಂಗಳು ಮುಚ್ಚಿಟ್ಟೆ. ಈ ವಯಸ್ಸಿಗೆ ಕೆಲಸ ಹೋದ್ರೆ ಇನ್ಯಾರು ಕರೀತಾರೆ ಅಂತ ತಲೆ ಬಗ್ಗಿಸಿ ತೊಟ್ಟಿಲು ತೂಗ್ತಾ ನಿಂತುಬಿಟ್ಟೆ. ನೀನು ಚಪ್ಪಲಿ ಮೆಟ್ಕೊಂಡು ಹೊರಟುಹೋದೆ. ಆ ತೊಟ್ಟಿಲಲ್ಲಿ ಮಗು ಇರ್ಲಿಲ್ಲ ಕಣೇ. ಖಾಲಿ ತೊಟ್ಟಿಲು ತೂಗ್ತಿದ್ದೆ.

ಗೊತ್ತಿದ್ದೂ ಬಾಯಿ ಬಿಡ್ಲಿಲ್ವಲ್ಲೇ ನೀನು!

ಬೈಯೇ. ಹೀಗೆ ಕೂರ್ಬೇಡ... ಒಂದು ಮಾತು ಬೈದುಬಿಡೇ ನನ್ನ.