ದಿಬ್ಬ ಹತ್ತದ ಕೊಳಚೆ

ಸಭೆಯ ಅಧ್ಯಕ್ಷರೇ, ಈಗಷ್ಟೇ ರಿಬ್ಬನ್ ಕತ್ತರಿಸಿದ ಮುಖ್ಯ ಅತಿಥಿಗಳೇ, ಎಂಜಿನಿಯರ್ ಸಾಹೇಬರೇ, ಕೆಳಗಿನ ಓಣಿಯಿಂದ ಕಾಲು ತೊಳೆದುಕೊಂಡು ಬಂದ ಸಭಿಕರೇ,

ಏಳು ವರ್ಷದ ಹಿಂದೆ ನಮಗೆ ಕೊಟ್ಟ ಮಾತು ಇಷ್ಟು: ಮುಚ್ಚಿದ ಚರಂಡಿ, ಕೊಳಚೆ ತಂಗುವ ತೊಟ್ಟಿ, ಜಲ್ಲಿಯಲ್ಲಿ ಜೊಂಡು ಬೆಳೆಸಿದ ಮಡಿ, ಆ ಬೇರುಗಳಲ್ಲಿ ಸೋಸಿ ಬಂದ ನೀರು ತರಕಾರಿ ಹೊಲಕ್ಕೆ. ಚರಂಡಿ ಬಂತು. ತೊಟ್ಟಿ ಬಂತು. ಮಡಿ ಬಂತು. ಹೆಸರುಗಳಿರುವ ಫಲಕವಂತೂ ಎಲ್ಲಕ್ಕಿಂತ ಮೊದಲೇ ಬಂತು. ಬಾರದೇ ಉಳಿದದ್ದು ಒಂದೇ, ಕೊಳಚೆ. ಏಕೆಂದರೆ ಕೊಳಚೆ ಸೋಸುವ ಈ ಘಟಕ ದಿಬ್ಬದ ಮೇಲಿದೆ, ಓಣಿ ಕೆಳಗಿದೆ. ದಿಬ್ಬ ಹತ್ತು ಎಂದು ಕೊಳಚೆಗೆ ಯಾರು ನೋಟಿಸು ಕೊಡುತ್ತೀರಿ?

ಮುಖ್ಯ ಅತಿಥಿಗಳು ತೊಟ್ಟಿಗೆ ಬಗ್ಗಿ, "ಆಹಾ, ಎಷ್ಟು ತಿಳಿಯಾಗಿದೆ!" ಅಂದರು. ತಿಳಿಯಾಗಿರದೆ ಏನು ಸ್ವಾಮಿ? ಅದು ಬೆಳಿಗ್ಗೆ ಟ್ಯಾಂಕರಿನಲ್ಲಿ ಬಂದ ಕುಡಿಯುವ ನೀರು.

ನಗಬೇಡಿ. ನಗುವವರು ನಮ್ಮ ಓಣಿಗೆ ಬನ್ನಿ. ಚರಂಡಿ ಉಕ್ಕಿ ನಿಂತ ಕೊಳಚೆಯಲ್ಲಿ ಇಟ್ಟಿಗೆಯಿಂದ ಇಟ್ಟಿಗೆಗೆ ಹಾರಿ ಮನೆ ಸೇರುತ್ತೇವೆ. ನನ್ನ ಮಗಳು ನಡೆಯುವುದಕ್ಕಿಂತ ಮೊದಲು ಹಾರುವುದನ್ನು ಕಲಿತಳು. ಅವಳ ಮೊಣಕಾಲಿನ ಕೆಳಗಿನ ಹುಣ್ಣು ಇನ್ನೂ ವಾಸಿಯಾಗಿಲ್ಲ.

ಘಟಕದ ಗೋಡೆ ಮೇಲೇಳುವಾಗಲೇ ನೆರೆಮನೆಯ ಅಜ್ಜಿ ಸಾಹೇಬರನ್ನು ಕೇಳಿದ್ದಳು: "ಅಲ್ಲಪ್ಪಾ, ನೀರು ಮೇಲಕ್ಕೆ ಹೋಗುತ್ತಾ?"

"ನಕ್ಷೆ ಪ್ರಕಾರ ಹೋಗುತ್ತೆ ಅಜ್ಜಿ."

"ಹಾಗಾದ್ರೆ ನಮ್ಮನ್ನೂ ನಕ್ಷೆಯೊಳಗೇ ಇಟ್ಬಿಡಿ."

ಇಲಾಖೆಯ ಕಚೇರಿ ಗೇಟಿನ ಮುಂದೆ ಮೂರು ಸಲ ಧರಣಿ ಕೂತೆವು. "ತಪ್ಪು ಯಾರದು?" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು. ತಪ್ಪು ಯಾರದು? ಹೇಳಿಯೇಬಿಡುತ್ತೇನೆ. ಸರ್ವೆಯವರು ಮೊದಲು ಗೂಟ ಹೊಡೆದದ್ದು ನನ್ನ ಮನೆಯ ಹಿಂದಿನ ತಗ್ಗಿನಲ್ಲಿ, ಊರಿನ ಖಾಲಿ ಜಾಗದಲ್ಲಿ. ನಮ್ಮಮ್ಮ ನೋಡಿದಳು. "ಊರಿನ ಕಕ್ಕಸೆಲ್ಲ ನಮ್ಮ ಹಿತ್ತಲಿಗೇನೋ?" ಎಂದು ನಾಲ್ಕೂ ಗೂಟ ಕಿತ್ತು, ದಿಬ್ಬದ ಮೇಲೆ ಹೊಡೆದು, ನಾಲ್ಕು ಮೇಕೆ ಕಟ್ಟಿದಳು. ಮರುವಾರ ಸಾಹೇಬರು ಬಂದರು. ಗೂಟ ಕಂಡರು, ಮೇಕೆ ಬಿಚ್ಚಿಸಿದರು, ಟೇಪು ಹಿಡಿದರು. ಘಟಕದ ಒಂದು ಮೂಲೆ ಸೊಟ್ಟಗಿದೆಯಲ್ಲ, ಅಲ್ಲಿದ್ದ ಹೋತ ಗೂಟವನ್ನು ವಿಪರೀತ ಎಳೆಯುತ್ತಿತ್ತು.

ಅಮ್ಮಾ, ಎದ್ದು ಹೋಗಬೇಡ, ಕೂತ್ಕೋ. ನಿನ್ನೊಬ್ಬಳದೇ ತಪ್ಪಲ್ಲ. ಗೋಡೆ ಕಟ್ಟಿದ ಗಾರೆಯವನು ಯಾರು? ನಾನೇ. ಇಪ್ಪತ್ತೆರಡು ವರ್ಷ ಮಟ್ಟ ಹಿಡಿದವನಿಗೆ ನೀರಿನ ಇಳಿಜಾರು ಗೊತ್ತಿರಲಿಲ್ಲವೇ? ಮೊದಲ ದಿನವೇ ಗೊತ್ತಿತ್ತು. ಆ ತಗ್ಗಿನಲ್ಲಿ ಒಂದು ಕೋಣೆ ಎಬ್ಬಿಸೋಣ ಅಂತ ಇಟ್ಟಿಗೆ ಒಟ್ಟಿಕೊಂಡಿದ್ದೆ... ಇರಲಿ, ಅದು ಬೇರೆ ಮಾತು. ಅಲ್ಲ, ಅದೇ ಮಾತು! ಊರಿನ ಜಾಗದ ಆಸೆಗೆ ಬಾಯಿ ಮುಚ್ಚಿಕೊಂಡು ಗೋಡೆ ಕಟ್ಟಿದೆ. ಆಮೇಲೆ ಗೇಟಿಗೆ ಹೋಗಿ ಬಾಯಿ ಬಿಟ್ಟೆ.

ಸಾಹೇಬರೇ, ನೀವು ನಗುತ್ತಿದ್ದೀರಿ. ಇಳಿಜಾರು ನೋಡುವುದು ಮೇಕೆಯ ಕೆಲಸವಲ್ಲ. ಅದಕ್ಕೆ ಸಂಬಳ ಎಣಿಸುವವರು ನೀವು.

ಈ ಮೇಜಿನ ಮೇಲೊಂದು ಕಾಗದವಿದೆ. "ಕಾಮಗಾರಿ ಪೂರ್ಣಗೊಂಡಿದೆ" ಎಂದು ಬಳಕೆದಾರರ ಸಮಿತಿಯ ಅಧ್ಯಕ್ಷನಾದ ನಾನು ಸಹಿ ಹಾಕಬೇಕಂತೆ. ಆಗಲೇ ನನಗೆ ಹಾರ ಹಾಕಿ ಸನ್ಮಾನ ಮಾಡಿದ್ದೂ ಅದಕ್ಕೇ ಇರಬೇಕು. ಸಹಿ ಬಿದ್ದರೆ ಕಡತ ಮುಚ್ಚುತ್ತದೆ, ನಮ್ಮ ಓಣಿ ಹೀಗೆಯೇ ತೆರೆದಿರುತ್ತದೆ. ಹಾಕುವುದಿಲ್ಲ. ಹಾರ ಬೇಕಾದರೆ ವಾಪಸ್ಸು ತೆಗೆದುಕೊಳ್ಳಿ, ಪೆನ್ನನ್ನೂ ತೆಗೆದುಕೊಳ್ಳಿ.

ಆ ತಗ್ಗಿನ ಆಸೆ ಬಿಟ್ಟಿದ್ದೇನೆ, ಘಟಕ ಅಲ್ಲಿಗೇ ಬರಲಿ. ಜಲ್ಲಿ, ಜೊಂಡು ಎರಡನ್ನೂ ಕೆಳಗೆ ಹೊತ್ತು ತರಬಹುದು. ಹೊಸ ತೊಟ್ಟಿಯ ಗೋಡೆ ನಾನು ಕಟ್ಟುತ್ತೇನೆ, ಕೂಲಿ ಬೇಡ. ಗುಂಡಿ ತೋಡಿಸುವುದು ಇಲಾಖೆಯ ಪಾಲು. ಒಪ್ಪದಿದ್ದರೆ ಗೇಟು ಎಲ್ಲಿದೆ ಅಂತ ನಮಗೆ ಗೊತ್ತಿದೆ.

ಬೈಸಿಕೊಳ್ಳಬೇಕಾದವನ ಮಾತನ್ನೂ ಕೂತು ಕೇಳಿದಿರಿ, ಅದಕ್ಕೆ ಋಣಿ. ಎಲ್ಲರಿಗೂ ನಮಸ್ಕಾರ. ಮುಂದಿನ ಸಭೆ ನನ್ನ ಹಿತ್ತಲಲ್ಲಿ. ಸಲಿಕೆ ಇರುವವರು ಸಲಿಕೆ ತನ್ನಿ, ಸಾಹೇಬರು ಬರಿಗಾಲಲ್ಲಿ ಬನ್ನಿ. ಭಾನುವಾರ, ಬೆಳಿಗ್ಗೆ ಏಳು ಗಂಟೆ.