ಏಳನೆಯ ಮಗುವಿನ ಹೆಸರು

ಬಹಳ ವರ್ಷಗಳ ಹಿಂದೆ ಒಬ್ಬ ವಿಜ್ಞಾನಿ ಒಬ್ಬ ತಾಯಿಗೆ ಮಾತು ಕೊಟ್ಟಿದ್ದ. "ಫಲಿತಾಂಶ ಬಂದ ದಿನವೇ ನಾನು ನಿಮ್ಮ ಮನೆಗೆ ಬಂದು ಹೇಳ್ತೀನಮ್ಮ" ಎಂದಿದ್ದ. ಪ್ರಿಯರೇ, ಇವತ್ತು ಈ ಒಂದು ಮಾತಿನ ಕಥೆ ಸಾಕು. ಕೂಸುಗಳನ್ನು ಎತ್ತಿಕೊಂಡು ಹೊರಗೆ ನಿಂತಿರುವ ತಾಯಂದಿರು ಒಳಗೆ ಬನ್ನಿ. ಕೂಸು ಅತ್ತರೆ ಅಳಲಿ, ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ.

ಆ ವಿಜ್ಞಾನಿ ಓದಿದ್ದು ಮೆದುಳಿನ ವಿಷಯ. ಫಿಟ್ಸ್ ಬರುವ ಮಕ್ಕಳ ತಲೆಗೆ ವೈರು ಅಂಟಿಸಿ, ಒಳಗೆ ಏನಾಗುತ್ತದೆ ಎಂದು ನೋಡುತ್ತಿದ್ದ. ಒಂದು ಸಲ ಒಂದು ಹಳ್ಳಿಯ ಶಾಲೆಯ ಪಡಸಾಲೆಯಲ್ಲಿ ಶಿಬಿರ ಮಾಡಿದ. ತಲೆಗೆ ಎಣ್ಣೆ ಹಚ್ಚಬೇಡಿ, ವೈರು ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿ ಕಳಿಸಿದ್ದ. ಒಬ್ಬ ತಾಯಿ ತನ್ನ ಒಂಬತ್ತು ವರ್ಷದ ಮಗಳ ತಲೆಯನ್ನು ಸೀಗೆಕಾಯಿ ಹಚ್ಚಿ ಎರಡು ಸಲ ತೊಳೆದು ಕರೆತಂದಿದ್ದಳು. ಹುಡುಗಿ ಹೆದರಬಾರದೆಂದು ಅಷ್ಟೂ ಹೊತ್ತು ಅವಳ ಪಾದ ಹಿಡಿದು ಕೂತಿದ್ದಳು.

ಎಲ್ಲ ಮುಗಿದ ಮೇಲೆ ಕೇಳಿದಳು: "ಇದು ಮುಂದ ಹೋಗೂದೇನ್ರಿ ಸರ, ಇಲ್ಲಾ ಜನ್ಮಪೂರ್ತಿ ಹಿಂಗ?"

ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ಮೂರು ಮಕ್ಕಳನ್ನು ನೋಡಬೇಕು, ಆಮೇಲೆ ತಿಳಿಯುತ್ತದೆ ಎಂದ. ಅವಳ ಫೋನ್ ನಂಬರು ಬರೆದುಕೊಂಡ. ಆಗ ಕೊಟ್ಟ ಮಾತು ಅದು. ನೋಡಿ, ಸುಳ್ಳು ಹೇಳಲಿಲ್ಲ ಅವನು. ಮನಸ್ಸಿನಿಂದಲೇ ಹೇಳಿದ.

ಎರಡು ವರ್ಷಕ್ಕೆ ಫಲಿತಾಂಶ ಬಂತು. ಒಳ್ಳೆಯ ಫಲಿತಾಂಶ. ಆ ಹುಡುಗಿಗೆ ಇದ್ದದ್ದು ನಿದ್ದೆಯಲ್ಲಿ ಮಾತ್ರ ಬರುವ, ಹದಿನಾರರೊಳಗೆ ತಾನಾಗಿಯೇ ನಿಂತುಹೋಗುವ ಜಾತಿಯ ಫಿಟ್ಸ್. ಅವನು ಅದನ್ನು ಪ್ರಬಂಧ ಮಾಡಿ ದೊಡ್ಡ ಪತ್ರಿಕೆಗೆ ಕಳಿಸಿದ. ಅದರಲ್ಲಿ ಅವಳು ಏಳನೆಯ ಮಗು. ಅಲ್ಲಿ ಹೆಸರು ಹಾಕುವ ಪದ್ಧತಿ ಇಲ್ಲ. ಅವಳ ಹೆಸರು ನಾನು ಹೇಳುತ್ತೇನೆ, ಕಸ್ತೂರಿ ಅಂತ.

ಇನ್ನು ಆ ವಿಜ್ಞಾನಿಗಳ ಲೋಕದಲ್ಲಿ ಒಂದು ಲೆಕ್ಕವಿದೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ತನ್ನ ಪ್ರಬಂಧದಲ್ಲಿ 'ಇಂಥವರು ಹೀಗೆ ಹೇಳಿದ್ದಾರೆ' ಎಂದು ಹೆಸರೆತ್ತಿದರೆ ಒಂದು ಉಲ್ಲೇಖ. ನೂರು ಜನ ಎತ್ತಿದರೆ ನೂರು. ಅವನ್ನೆಲ್ಲ ಕೂಡಿಸಿ, ದೇಶದ ಮೆದುಳು ವಿಜ್ಞಾನಿಗಳಲ್ಲಿ ಮೊದಲನೆಯವರು ಯಾರು, ಎರಡನೆಯವರು ಯಾರು ಎಂದು ವರ್ಷಕ್ಕೊಮ್ಮೆ ಪಟ್ಟಿ ಹಾಕುತ್ತಾರೆ. ಲೆಕ್ಕ ತಪ್ಪಲ್ಲ. ಯಾರ ಮಾತು ಎಷ್ಟು ದೂರ ಹೋಯಿತು ಎಂದು ಅದು ಹೇಳುತ್ತದೆ. ಯಾರಿಗೆ ಮುಟ್ಟಬೇಕಿತ್ತೋ ಅವರಿಗೆ ಮುಟ್ಟಿತೇ? ಅದನ್ನು ಯಾವ ಪಟ್ಟಿ ಹೇಳೀತು?

ಕಸ್ತೂರಿಯಿದ್ದ ಆ ಪ್ರಬಂಧದ ಹೆಸರನ್ನು ನಾಲ್ಕು ನೂರು ಜನ ಎತ್ತಿದರು. ಪಟ್ಟಿಯಲ್ಲಿ ಅವನು ನಲವತ್ತನೆಯವನಾದ, ಇಪ್ಪತ್ತನೆಯವನಾದ, ಹನ್ನೊಂದನೆಯವನಾದ. ಅಚ್ಚಾದರೆ ಆ ತಾಯಿಗೂ ಹೇಳಿದಂತೆಯೇ ಎಂದುಕೊಂಡ. ಅಷ್ಟು ಓದಿದವನು ಮಾತ್ರ ಮಾಡಬಲ್ಲ ತಪ್ಪು ಅದು.

ಹನ್ನೊಂದು, ಪ್ರಿಯರೇ. ಹತ್ತಕ್ಕೆ ಒಂದೇ ಮೆಟ್ಟಿಲು. ಅದೇ ಮಕ್ಕಳ ಮೇಲೆ ಇನ್ನೊಂದು ಪ್ರಬಂಧ ಬರೆದರೆ ಏರಬಹುದು ಎನ್ನಿಸಿತು. ಹಳೆಯ ನಂಬರುಗಳನ್ನು ತೆಗೆದು, ಮಕ್ಕಳು ಈಗ ಹೇಗಿದ್ದಾರೆ ಎಂದು ಕೇಳಲು ಕೂತ. ಆರು ನಂಬರು ಹತ್ತಲಿಲ್ಲ. ಏಳನೆಯದು ಹತ್ತಿತು.

"ಅಮ್ಮಾ, ನಾನು. ಶಾಲೆಯಲ್ಲಿ ನಿಮ್ಮ ಮಗಳ ತಲೆಗೆ ವೈರು ಹಚ್ಚಿದ್ದೆನಲ್ಲ..."

"ಅಯ್ಯ, ಸರ ಏನ್ರಿ? ರಿಸಲ್ಟ್ ಬಂತೇನ್ರಿ?"

ಹದಿನಾಲ್ಕು ವರ್ಷ ಆಗಿತ್ತು.

"ನೀವು ಬರ್ತೀನಿ ಅಂದಿದ್ರಲ್ರಿ," ಎಂದಳು ಆಕೆ. "ಹಂಗಾಗಿ ನಂಬರ ಬದಲಿ ಮಾಡಿಲ್ಲ ನಾನು. ಮಗ ಬೈತಾನ, ಹಳೇ ಸಿಮ್ ಒಗಿ ಬೇ ಅಂತ. ನಾ ಒಗೀಲಿಲ್ಲ."

ಅವನು ಮರುದಿನವೇ ಬಸ್ಸು ಹತ್ತಿದ. ಕಸ್ತೂರಿಗೆ ಇಪ್ಪತ್ಮೂರಾಗಿತ್ತು. ಹತ್ತು ವರ್ಷದಿಂದ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ. ಆದರೂ ತಾಯಿ ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ಬಾವಿಗೆ ಕಳಿಸುತ್ತಿರಲಿಲ್ಲ. ಮಲಗುವಾಗ ಅವಳ ಕೈಗೆ ತನ್ನ ಸೆರಗಿನ ತುದಿ ಕಟ್ಟಿಕೊಳ್ಳುತ್ತಿದ್ದಳು. ಏಳನೆಯ ತರಗತಿ ಮುಗಿದ ಕೂಡಲೇ ಶಾಲೆ ಬಿಡಿಸಿದ್ದಳು. ಹೈಸ್ಕೂಲು ಇದ್ದದ್ದು ಪಕ್ಕದ ಊರಲ್ಲಿ, ಸೈಕಲ್ ಮೇಲೆ ಹೋಗಬೇಕು. ದಾರಿಯಲ್ಲಿ ಬಿದ್ದರೆ?

ಅವನು ಹೇಳಿದ: ಅದು ನಿಂತುಹೋಗುವ ಜಾತಿಯದು, ನಿಂತುಹೋಗಿದೆ, ಇನ್ನು ಹೆದರಬೇಡಿ.

ತಾಯಿ ಮೆಲ್ಲಗೆ ಕೇಳಿದಳು: "ಇದು ನಿಮಗ ಯಾವಾಗ ಗೊತ್ತಾತ್ರಿ?"

"ಹನ್ನೆರಡು ವರ್ಷ ಆಯ್ತಮ್ಮ."

ಆಕೆ ಬೆರಳು ಮಡಚಿ ಎಣಿಸಿದಳು. "ಅವಾಗ ಇಕಿ ಆರನೇ ಕ್ಲಾಸಿನ್ಯಾಗ ಇದ್ಲು. ಇನ್ನೂ ಸಾಲಿ ಬಿಟ್ಟಿರಲಿಲ್ಲ." ಬೈಯಲಿಲ್ಲ. "ಎಷ್ಟು ಮಂದಿಗೆ ಗೊತ್ತಿತ್ರಿ?"

"ನಾಲ್ಕು ನೂರು ಮಂದಿಗೆ."

"ಅಷ್ಟು ಮಂದಿಯೊಳಗ ನಮ್ಮನ್ನೊಬ್ರನ್ನ ಸೇರಿಸಾಕ ಆಗಲಿಲ್ಲೇನ್ರಿ?"

ಕಸ್ತೂರಿಯೇ ಬಂದು ಅವನ ಮುಂದೆ ನೀರಿನ ತಂಬಿಗೆ ಇಟ್ಟಳು. "ಹೋಗ್ಲಿ ಬಿಡ ಬೇ ಅವ್ವ, ಪಾಪ, ಬಂದಾರಲ್ಲ," ಎಂದಳು. ಆಮೇಲೆ ಅವನ ಕಡೆ ತಿರುಗಿ, "ಹಂಗಾರ ಇವತ್ತ ರೊಟ್ಟಿ ನಾನ ಬಡೀಲೇನ್ರಿ ಸರ?" ಎಂದು ಕೇಳಿದಳು. ತಾಯಿಯ ಕಡೆ ನೋಡಲಿಲ್ಲ. ಅವನು ಹೂಂ ಎಂದ. ಒಲೆಯ ಹತ್ತಿರ ಕೂತಿದ್ದ ತಾಯಿ ಎದ್ದು ಜಾಗ ಬಿಟ್ಟಳು. ಎದ್ದಳು, ಆದರೆ ದೂರ ಹೋಗಲಿಲ್ಲ. ಎರಡು ಹೆಜ್ಜೆ ಹಿಂದೆ ಕೈ ಚಾಚಿಕೊಂಡೇ ನಿಂತಳು. ಹದಿನಾಲ್ಕು ವರ್ಷದ ಹೆದರಿಕೆ ಒಂದು ಮಾತಿಗೆ ಹೋಗುತ್ತದೆಯೇ?

ನೋಡಿ, ವಿಜ್ಞಾನಿಯನ್ನು ಬೈಯುವುದು ಸುಲಭ. ನಮ್ಮ ಮನೆಗಳಲ್ಲಿ ಪಟ್ಟಿ ಇಲ್ಲವೇ? ದಿನವೆಲ್ಲ ದುಡಿದು ಬರುತ್ತೇವೆ. ಸಾಹೇಬರಿಗೆ ಉತ್ತರ ಕೊಟ್ಟಿರುತ್ತೇವೆ, ಸಂಘದವರಿಗೆ ಉತ್ತರ ಕೊಟ್ಟಿರುತ್ತೇವೆ, ಗುರುತೇ ಇಲ್ಲದವರ ಸಂದೇಶಕ್ಕೂ ಕೈ ಮುಗಿದಿರುತ್ತೇವೆ. ಮನೆಯಲ್ಲಿ ಒಂದು ಮಗು, 'ನಾಳೆ ನೋಡ್ತೀನಿ' ಎಂದ ನಮ್ಮ ಮಾತನ್ನು ಹಿಡಿದುಕೊಂಡು ಕೂತಿರುತ್ತದೆ. ನಮಗೆ ಮರೆತಿರುತ್ತದೆ. ಮಕ್ಕಳಿಗೆ ಮರೆಯುತ್ತದೆಯೇ? ಅವರು ನಂಬರು ಬದಲಿಸುವುದಿಲ್ಲ, ಪ್ರಿಯರೇ. ನಮ್ಮ ಹತ್ತಿರದವರು ನಂಬರು ಬದಲಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಬೇಡ. ಇವತ್ತು ಮನೆಗೆ ಹೋಗಿ ಚಪ್ಪಲಿ ಬಿಟ್ಟ ಕೂಡಲೇ, ನಿಮ್ಮ ಮಾತಿಗಾಗಿ ಕಾದಿರುವ ಒಬ್ಬರನ್ನು ನೆನಪು ಮಾಡಿಕೊಳ್ಳಿ. ಮಗಳಿರಬಹುದು, ಹೆಂಡತಿ ಇರಬಹುದು, ನಿಮ್ಮ ಕೈಕೆಳಗೆ ದುಡಿಯುವ, ರಜೆ ಕೇಳಿದ ಹೆಣ್ಣುಮಗಳಿರಬಹುದು. ಊರಿಗೆಲ್ಲ ಹೇಳುವ ಮೊದಲು ಅವರಿಗೆ ಹೇಳಿ. ಒಳ್ಳೆಯ ಸುದ್ದಿಯಾದರೆ ಮೊದಲು ಅವರಿಗೆ. ಆಗುವುದಿಲ್ಲ ಎಂಬ ಸುದ್ದಿಯಾದರೆ, ಅದನ್ನೂ ಅವರಿಗೇ ಮೊದಲು. ದಣಿದಿದ್ದೀರಿ, ಗೊತ್ತು. ಕೂತುಕೊಂಡೇ ಹೇಳಿ. ತಡವಾಗಿದ್ದರೆ ತಡವಾಗಿದೆ ಎಂದು ಒಪ್ಪಿಕೊಂಡು ಹೇಳಿ. ತಡವಾಗಿಯಾದರೂ ಹೋದದ್ದಕ್ಕೇ ಕಸ್ತೂರಿ ಅಂದು ರೊಟ್ಟಿ ಬಡಿದಳು. ಆದರೆ ತಡವಾಗಿ ಹೋದದ್ದನ್ನು ಮಾತು ಉಳಿಸಿಕೊಂಡದ್ದು ಎಂದು ಕರೆಯಬೇಡಿ.

ಫಲಿತಾಂಶ ಬಂದ ದಿನವೇ ಬರುತ್ತೇನೆ ಎಂದಿದ್ದ ಅವನು. ಬರಲಿಲ್ಲ. ಆ ಮಾತು ತಪ್ಪಿದ.